ಏಜೆಂಟರು ಇಳಿಸಿಕೊಂಡ ವೀಣೆ

ಹೋದ ತಿಂಗಳು ಬೇಲೂರಿನ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರು ಟಿಕೆಟ್ ಹರಿದು ಕೊಡುತ್ತಾ ನನ್ನ ಮುಖವನ್ನು ಎರಡು ಸಲ ನೋಡಿದರು. "ನೀವು ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರು ಮಾಳಿಗೆ ಮನೇಲಿದ್ದ ಮೇಷ್ಟ್ರ ಮನೆಯಮ್ಮ ಅಲ್ವಾ? ನಮ್ಮ ಬುಕಿಂಗ್ ಏಜೆಂಟ್ರು ತೀರ್ಕಂಡ್ರು ಕಣಮ್ಮ. ಶಿವರಾತ್ರಿ ಆಗಿ ಎಂಟು ದಿನಕ್ಕೆ," ಎಂದರು. ಕೈಯಲ್ಲಿದ್ದ ಟಿಕೆಟನ್ನು ನಾಲ್ಕು ಮಡಿಕೆ ಮಡಿಸಿದೆ. ಮುಂದಕ್ಕೆ ಹೋದ ಕಂಡಕ್ಟರು ಮತ್ತೆ ಹಿಂದಕ್ಕೆ ಬಂದು ದನಿ ತಗ್ಗಿಸಿ ಕೇಳಿದರು: "ಒಂದು ಮಾತು. ಆ ವೀಣೆನ ಅವ್ರು ಬಸ್ಸಿಂದ ಬೇಕಂತ್ಲೇ ಇಳಿಸ್ಕಂಡ್ರಾ, ಇಲ್ಲಾ ಏರಿಸೋದು ಮರೆತ್ರಾ? ನೀವು ಕಣ್ಣಾರೆ ಕಂಡಿದ್ರಂತಲ್ಲ?"

ಕಂಡಿದ್ದೆ. ಆ ದಿನ ನಾನು ನನ್ನ ಕಿಟಕಿಯಿಂದ ಕಂಡದ್ದರ ಮೇಲೆಯೇ ಅವರ ಕೆಲಸ ಉಳಿಯುವುದೋ ಹೋಗುವುದೋ ನಿಂತಿತ್ತು. ಹನ್ನೆರಡು ವರ್ಷವಾಯಿತು. ಕಣ್ಣಿಗೆ ಏನು ಬಿತ್ತು ಎಂದು ಕೇಳಿದರೆ ಇವತ್ತೂ ಒಂದೊಂದಾಗಿ ಹೇಳಬಲ್ಲೆ. ಅದರ ಅರ್ಥವೇನು ಎಂದು ಕೇಳಿದರೆ ಅಂದು ಹೇಗೆ ತಬ್ಬಿಬ್ಬಾದೆನೋ ಇಂದೂ ಹಾಗೆಯೇ. "ಗೊತ್ತಿಲ್ಲಪ್ಪ," ಎಂದೆ. ಕಂಡಕ್ಟರು ನಂಬಲಿಲ್ಲ.

ಮದುವೆಯಾಗಿ ಬೆಂಗಳೂರಿನಿಂದ ಅರಸೀಕೆರೆಗೆ ಬಂದಾಗ ನನಗೆ ಹತ್ತೊಂಬತ್ತು. ಏಕೀಕರಣದ ಹಿಂದುಮುಂದಿನ ವರ್ಷಗಳು ಅವು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಮೇಷ್ಟರು. ಮನೆ ಕೊಬ್ಬರಿ ಮಂಡಿಯ ಮೇಲಿನ ಮಾಳಿಗೆಯಲ್ಲಿ. ಉಡುವ ಸೀರೆಯಿಂದ ಹಿಡಿದು ಸಾರಿನ ಪುಡಿಯವರೆಗೆ ಎಲ್ಲಕ್ಕೂ ಕೊಬ್ಬರಿಯ ವಾಸನೆ. ಮುಂದಿನ ಕೋಣೆಯ ಕಿಟಕಿ ತೆರೆದರೆ ನೇರಕ್ಕೆ ಮೋಟಾರ್ ಸರ್ವೀಸಿನ ಬುಕಿಂಗ್ ಆಫೀಸು. ತಗಡಿನ ಸೂರು, ಕೈ ತೂರುವಷ್ಟು ಒಂದು ಗೂಡು, ಗೂಡಿನ ಹಿಂದೆ ಅವರು. ಅವರ ಹೆಸರನ್ನು ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಏಜೆಂಟರು ಎಂದರೆ ಅವರೊಬ್ಬರೇ.

ಬೆಳಿಗ್ಗೆ ಬಂದಾಗ ಹಣೆಯ ಮೇಲೆ ಮೂರೆಳೆ ವಿಭೂತಿ ಅಚ್ಚಾಗಿರುತ್ತಿತ್ತು. ಹನ್ನೊಂದರ ಹೊತ್ತಿಗೆ ಬೆವರಿಗೆ ಒಂದೆಳೆ ಅಳಿಸಿ, ಮಧ್ಯಾಹ್ನದ ಬಸ್ಸು ಹೊರಡುವಾಗ ಒಂದೇ ಉಳಿದಿರುತ್ತಿತ್ತು. ಎಡಗೈ ಹೆಬ್ಬೆರಳು ಕಾರ್ಬನ್ ಕಾಗದದಿಂದ ಸದಾ ನೀಲಿ. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವ ಅಭ್ಯಾಸವಿರಲಿಲ್ಲ. ಅವರ ಕೈಯಲ್ಲಿದ್ದ ಗಂಟನ್ನೇ ನೋಡುತ್ತಿದ್ದರು.

ನಮ್ಮ ಕಡೆ ಯಾವ ನಾಟಕ, ಯಾವ ಸಂಗೀತ, ಯಾವ ಕುಣಿತ ಎಲ್ಲಿ ನಡೆಯುತ್ತದೆಂದು ತಿಳಿಯಬೇಕಾದರೆ ಆ ಕಾಲಕ್ಕೆ ಗೋಡೆಯ ಮೇಲಿನ ಚೀಟಿ ಓದುವುದಕ್ಕಿಂತ ಅವರನ್ನು ಕೇಳುವುದೇ ಲೇಸು. ರೈಲಿಳಿದ ಕಲಾವಿದರು ಜಾವಗಲ್ಲು, ಹಳೇಬೀಡು, ಬೇಲೂರು, ಚಿಕ್ಕಮಗಳೂರು ಯಾವ ಊರಿಗೆ ಹೋಗಬೇಕಾದರೂ ಅವರ ಗೂಡಿನ ಮುಂದೆಯೇ ಹಾಯಬೇಕು. ಲಗೇಜು ಬಸ್ಸಿನ ಟಾಪಿಗೆ ಏರುವಾಗ ಇವರು ಕೆಳಗೆ ನಿಂತು ಒಂದೊಂದನ್ನೇ ಕಣ್ಣಲ್ಲಿ ಅಳೆಯುತ್ತಿದ್ದರು. ಆಮೇಲೆ ಬೀದಿಯಿಂದಲೇ ನನ್ನ ಕಿಟಕಿಯ ಕಡೆ ತಲೆಯೆತ್ತಿ ವರದಿ ಒಪ್ಪಿಸುತ್ತಿದ್ದರು.

"ಹಳೇಬೀಡಿಗೆ ಕಂಪ್ನಿ ಹೋಯ್ತು ಕಣಮ್ಮ. ಹದಿನೆಂಟು ಪರದೆ. ಹದಿನೆಂಟು ಅಂದ್ರೆ ಪೌರಾಣಿಕ. ಸಾಮಾಜಿಕ ಆಗಿದ್ರೆ ಆರು ಪರದೆ, ಒಂದು ಸೋಫಾ. ಹಾರ್ಮೋನಿಯಂ ಪೆಟ್ಟಿಗೆ ಹೊಸದು ಐತೆ. ಎರಡನೇ ವಾರ ಹೋಗಿ. ಮೊದಲ್ನೇ ವಾರ ಪೆಟ್ಟಿಗೆ ಮೇಷ್ಟ್ರಿಗೆ ಬೆರಳು ಪಳಗಿರಲ್ಲ."

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮಗೆ ಅಲ್ಲಿ ಸಂಗೀತವೆಂದರೆ ಪಿಯಾನೋದ ಸುತ್ತ ನಿಂತು, ಬೆನ್ನು ನೆಟ್ಟಗೆ ಮಾಡಿ, ಬಾಯನ್ನು ಮೊಟ್ಟೆಯಷ್ಟು ತೆರೆದು ಹಾಡುವುದು. ತಲೆ ತೂಗಿದರೆ ಮದರ್ ಕಣ್ಣು ಬಿಡುತ್ತಿದ್ದರು. ಹದಿನೆಂಟು ಪರದೆಗೂ ಪುರಾಣಕ್ಕೂ ಇರುವ ನಂಟನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವರು ಹೇಳಿದಂತೆ ಎರಡನೇ ವಾರ ಹೋದೆವು. ಹಾರ್ಮೋನಿಯಂ ಮೇಷ್ಟರ ಬೆರಳು ಪಳಗಿತ್ತು.

ಆಫೀಸಿನ ಒಳಗೋಡೆಗೆ ಉದ್ದಕ್ಕೆ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ತುಂಬ ಛತ್ರಿ. ಜನ ಬಸ್ಸಿನಲ್ಲಿ ಬಿಟ್ಟುಹೋದವು. ಒಂದೊಂದಕ್ಕೂ ಒಂದು ಚೀಟಿ. ಯಾರ ಛತ್ರಿ, ಯಾವ ಬಸ್ಸು ಎಂದು ಬರೆದಿರಬೇಕು ಅಂದುಕೊಂಡಿದ್ದೆ. ಹತ್ತಿರ ಹೋಗಿ ಓದಿದರೆ, 'ಬಾಣಾವರದ ನಾಟಕ', 'ಬೇಲೂರು ನಾಗಸ್ವರ', 'ದಾಸರ ಕಥೆ, ಎರಡನೇ ದಿನ'.

"ಇದೇನು ಏಜೆಂಟರೇ?"

"ಆಟ ಚೆನ್ನಾಗಿದ್ರೆ ವಾಪಸ್ಸು ಬರೋವಾಗ ಜನಕ್ಕೆ ಮೈಮೇಲೆ ಗ್ಯಾನ ಇರಲ್ಲ ತಾಯಿ. ಛತ್ರಿ ಬಿಟ್ಟು ಇಳಿದೋಗ್ತಾರೆ. ಕೆಟ್ಟದ್ದಾಗಿದ್ರೆ ಎಲ್ಲಾ ಗ್ಯಾಪಕ ಇರ್ತದೆ. ಪಕ್ಕದೋನ ಛತ್ರೀನೂ ಎತ್ಕಂಡು ಹೋಗ್ತಾರೆ."

ಹೀಗಾಗಿ ನಮ್ಮ ಬೀದಿಯಲ್ಲಿ ಎರಡು ಛತ್ರಿಯ ಹರಿಕಥೆ, ಏಳು ಛತ್ರಿಯ ನಾಟಕ ಎಂಬ ಮಾತು ಬಳಕೆಗೆ ಬಂತು. ನಮ್ಮ ಯಜಮಾನರು ಹುಡುಗರ ಪ್ರಬಂಧ ತಿದ್ದುತ್ತಾ, "ಇದಕ್ಕೆ ಛತ್ರಿಯ ಕಡ್ಡಿಯೂ ಇಲ್ಲ," ಎನ್ನುತ್ತಿದ್ದರು.

ಎಲ್ಲಿಗೆ ಹೋಗಬೇಕು ಎನ್ನುವುದಷ್ಟೇ ಅಲ್ಲ, ಎಲ್ಲಿ ಕೂರಬೇಕು ಎನ್ನುವುದನ್ನೂ ಹೇಳಿ ಕಳಿಸುತ್ತಿದ್ದರು. ಬೇಲೂರಿನಲ್ಲಿ ಸಂಜೆಯ ನಾಗಸ್ವರ ಕೇಳುವುದಾದರೆ ಗುಡಿಯೊಳಗೆ ನಿಲ್ಲಬಾರದು, ಕಲ್ಯಾಣಿಯ ಮೆಟ್ಟಿಲಿಗೆ ಹೋಗಬೇಕು. "ಗೋಡೆಗೆ ಬಡಿದು ಬತ್ತದೆ ತಾಯಿ. ಅಬ್ಬರ ಎಲ್ಲ ಅಲ್ಲೇ ಉಳ್ಕಂಡು ಬರೀ ರಾಗ ಬತ್ತದೆ." ಹಳೇಬೀಡಿನ ಬಯಲಲ್ಲಿ ನಾಟಕವಿದ್ದರೆ ಕೆರೆಗೆ ಬೆನ್ನು ಹಾಕಿ ಕೂರಬಾರದು, ಗಾಳಿ ಪದ್ಯವನ್ನು ಆಚೆಗೆ ಎತ್ತಿಕೊಂಡು ಹೋಗುತ್ತದೆ. ಹುಲಿಕೆರೆಯ ಕೊಳಕ್ಕೆ ಮದುವೆ ಮನೆಯ ಹೆಂಗಸರು ನೀರು ತರಲು ಬರುವಾಗ ಸೋಬಾನೆ ಹೇಳುತ್ತಾರೆ, ಅದಕ್ಕೆ ಕರೆಯೋಲೆ ಬೇಕಿಲ್ಲ, ಮೇಲಿನ ಮೆಟ್ಟಿಲಲ್ಲಿ ಸುಮ್ಮನೆ ಕೂತರಾಯಿತು. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಲ್ಲಿ ಮೂಡಲಪಾಯದ ಬಯಲಾಟ ರಾತ್ರಿಯಿಡೀ ನಡೆಯುತ್ತಿತ್ತು. ಅದಕ್ಕೆ ಬೆಳಗಿನ ಜಾವಕ್ಕೆ ಮುಂಚೆ ಹೋಗಲೇಬಾರದಂತೆ. "ಆ ಹೊತ್ಗೆ ವೇಷದೋರಿಗೆ ಸುಸ್ತಾಗಿರ್ತದೆ. ನಟ್ನೆ ಮಾಡೋಕೆ ತ್ರಾಣ ಇರಲ್ಲ. ಆಗ ಅಳೋದು ಅಳೂನೇ."

ಇಷ್ಟೆಲ್ಲ ಹೇಳುವವರನ್ನು ನಾನು ಒಂದು ದಿನವೂ ಯಾವ ಆಟದಲ್ಲೂ ಕಾಣಲಿಲ್ಲ.

ಅವರ ಹೆಂಡತಿ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ. ಅವರದು ಒಂದೇ ದೂರು. "ನಮ್ಮನೆಯೋರ ಮಾತು ಕೇಳಿ ಊರೂರು ತಿರುಗ್ತೀಯಲ್ಲ ಕಣವ್ವ! ನನ್ನ ಮದ್ವೆಯಾಗಿ ಇಷ್ಟು ವರ್ಷ ಆಯ್ತು, ಒಂದು ನಾಟ್ಕಕ್ಕೆ ಕರ್ಕಂಡು ಹೋಗಿಲ್ಲ. ನಾನೇನಾದ್ರೂ ಪೆಟ್ಟಿಗೆ ಆಗಿದ್ದಿದ್ರೆ ಎತ್ತಿ ಬಸ್ಸಿಗೆ ಹಾಕ್ತಿದ್ರೇನೋ."

"ನೀವೇ ಬನ್ನಿ ಅಕ್ಕ, ನನ್ನ ಜೊತೆ."

"ಬತ್ತೀನಿ ತಗಾ. ಅವ್ರು ಕರೀಲಿಲ್ಲ ಅಂತ ಬೈಕೊಂಡು ಬತ್ತೀನಿ."

ಒಮ್ಮೆ ರಾಮೋತ್ಸವದ ಹರಿಕಥೆ ಕೇಳಿ ಬಂದ ಮರುದಿನ ಏಜೆಂಟರು ನನಗೆ, "ಹರಿಕಥೆಗೆ ಪರೀಕ್ಷೆ ಬರೆಯೋರಂಗೆ ಕೂತಿದ್ರಲ್ಲ ತಾಯಿ, ಸ್ವಲ್ಪ ಗೋಡೆಗೆ ಒರಗ್ಬೇಕು," ಎಂದರು. ನನಗೆ ನಾಚಿಕೆಯಾಯಿತು. ಆಮೇಲೆ ಯೋಚನೆಯಾಯಿತು.

"ನೀವು ಬಂದಿದ್ರಾ?"

"ನಾನ್ಯಾಕೆ ಬರ್ಲಿ? ಡ್ಯೂಟಿ ಇತ್ತು."

ಡ್ಯೂಟಿ ಇದ್ದದ್ದು ನಿಜ. ಚಪ್ಪರಕ್ಕೆ ಹೋಗುವಾಗ ಆಫೀಸಿನಲ್ಲಿ ದೀಪ ನೋಡಿದ್ದೆ. ದೀಪದ ಹಿಂದೆ ಅವರಿದ್ದರೇ ಎಂದು ನೋಡಿರಲಿಲ್ಲ. ಅವರು ಬರುತ್ತಿದ್ದರೋ ಇಲ್ಲವೋ, ಬಂದರೆ ಯಾಕೆ ಮುಚ್ಚಿಡಬೇಕು, ಬರದಿದ್ದರೆ ನಾನು ಕೂತ ಬಗೆ ಹೇಗೆ ತಿಳಿಯಿತು? ಅಕ್ಕನನ್ನು ಕೇಳಿದರೆ, "ನಂಗೇನು ಗೊತ್ತು ಕಣವ್ವ, ಊಟಕ್ಕೆ ಬಂದ್ರೆ ನಮ್ಮೋರು, ಬರ್ದಿದ್ರೆ ಬಸ್ಸಿನೋರು," ಎಂದರು.

ಇನ್ನೊಂದು ಸಲ ಒಬ್ಬ ನರ್ತಕಿ ಬೇಲೂರಿಗೆ ಹೋಗಲು ರೈಲಿಳಿದರು. ಗುಡಿಯ ಅಂಗಳದಲ್ಲಿ ಸಂಜೆ ಅವರ ನೃತ್ಯ. ಹಿಂದಿನ ವರ್ಷವೂ ಬಂದುಹೋಗಿದ್ದರಂತೆ. ಏಜೆಂಟರು ಅವರ ಗೆಜ್ಜೆಯ ಚೀಲವನ್ನು ತಾವೇ ಎತ್ತಿ ಸೀಟಿನ ಮೇಲಿಟ್ಟು, ಅದೇ ಬಸ್ಸಿಗೆ ಹತ್ತಲು ನಿಂತಿದ್ದ ನನ್ನ ಬಳಿ ಬಂದು ಮೆಲ್ಲಗೆ, "ಹೋದ ಸಲಕ್ಕಿಂತ ಹಗುರ ಐತೆ. ಆ ಯಮ್ಮಂಗೆ ಮಂಡಿ ನೋವು. ಕಾಲು ನೋಡ್ಬೇಡಿ, ಕೈ ನೋಡಿ," ಎಂದರು. ನಾನೂ ಅಕ್ಕನೂ ಮುಂದಿನ ಸಾಲಿನಲ್ಲಿ ಕೂತೆವು. ಆಕೆ ಅರ್ಧಕ್ಕರ್ಧ ಪದಗಳನ್ನು ಕೂತೇ ಅಭಿನಯಿಸಿದರು. ಎಡಗೈಯ ಕಿರುಬೆರಳೊಂದು ತಡವಾಗಿ ಬಿಚ್ಚುತ್ತಿತ್ತು, ಉಳಿದವುಗಳ ಮಾತು ಮುಗಿಯಲಿ ಎಂದು ಕಾದ ಹಾಗೆ. ಆ ಬೆರಳನ್ನು ನಾನು ಇನ್ನೂ ಮರೆತಿಲ್ಲ. ಅಕ್ಕ ಕಂಬಕ್ಕೊರಗಿ ಚೆನ್ನಾಗಿ ನಿದ್ದೆ ಮಾಡಿ, ಚಪ್ಪಾಳೆಗೆ ಎದ್ದು, "ಕುಣಿದೋಳು ಅವ್ಳು, ಜೋಮು ಹಿಡ್ದಿದ್ದು ನನ್ನ ಕಾಲಿಗೆ," ಎಂದರು.

ಇನ್ನು ಆ ವೀಣೆಯ ವಿಷಯ. ಮೊದಲು ಅವರ ಒಂದು ಪದ್ಧತಿಯನ್ನು ಹೇಳಬೇಕು. ಉದ್ದನೆಯ ಪೆಟ್ಟಿಗೆಗಳೆಲ್ಲ ಟಾಪಿನ ಮೇಲೆ ಹೋಗಬೇಕೆಂಬುದು ಸರ್ವೀಸಿನ ನಿಯಮ. ಹಮಾಲಿ ಹಾಗೆಯೇ ಏರಿಸುತ್ತಿದ್ದ. ಏಜೆಂಟರು ನಿಯಮಕ್ಕೆ ಬಾಯಲ್ಲಿ ಎದುರಾಡುತ್ತಿರಲಿಲ್ಲ. ಬಸ್ಸು ಹೊರಡಲು ಒಂದು ನಿಮಿಷವಿದೆ ಎನ್ನುವಾಗ, "ಅದನ್ನ ಕೆಳಕ್ಕೆ ಕೊಡ್ಲಾ," ಎಂದು ಕೈ ಚಾಚುತ್ತಿದ್ದರು. ಮೃದಂಗ, ತಂಬೂರಿ, ಪಿಟೀಲು, ಯಾವ ವಾದ್ಯವಾದರೂ ಅಷ್ಟೇ. ಇಳಿಸಿಕೊಂಡು ತಾವೇ ಒಳಗೆ ಒಯ್ದು ಹೆಂಗಸರ ಸೀಟಿನ ಪಕ್ಕ ಆನಿಸಿ ನಿಲ್ಲಿಸುತ್ತಿದ್ದರು. ಹೆಂಗಸರು ಗೊಣಗುತ್ತಿದ್ದರು. ದಿನವೂ ಕಿಟಕಿಯಿಂದ ನಾನು ನೋಡುತ್ತಿದ್ದ ನೋಟ ಅದು.

ಆ ವರ್ಷ ರಾಮೋತ್ಸವದ ಚಪ್ಪರ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲೇ ಎದ್ದಿತ್ತು. ಕೊಬ್ಬರಿ ಮಂಡಿಯವರು, ರೈಲ್ವೆಯವರು, ಮೇಷ್ಟರುಗಳು ಸೇರಿ ಮಾಡುತ್ತಿದ್ದ ಉತ್ಸವ. ದೊಡ್ಡ ವೈಣಿಕರೊಬ್ಬರಿಗೆ ಕಾಗದ ಬರೆದಿದ್ದರು. ಬಿಡುವಿಲ್ಲವೆಂದು ಎರಡು ಸಾಲಿನ ಉತ್ತರ ಬಂದಿತ್ತು. "ನಮ್ಮಂಥ ಊರಿಗೆ ಅವರೆಲ್ಲಿ ಬರ್ತಾರೆ ಬಿಡಿ," ಎಂದು ಎಲ್ಲರೂ ಸುಮ್ಮನಾದರು. ಏಜೆಂಟರು ಆ ಮಾತಿಗೆ ಏನೂ ಅನ್ನಲಿಲ್ಲವೆಂದು ನಮ್ಮ ಯಜಮಾನರು ಆಮೇಲೆ ನೆನಪು ಮಾಡಿಕೊಂಡರು.

ಉತ್ಸವದ ನಾಲ್ಕನೆಯ ದಿನವೋ ಐದನೆಯ ದಿನವೋ ಅದೇ ವೈಣಿಕರು ಅರಸೀಕೆರೆಯಲ್ಲಿ ರೈಲಿಳಿದರು. ನಮ್ಮಲ್ಲಿಗಲ್ಲ. ಚಿಕ್ಕಮಗಳೂರಿನಾಚೆ ಒಂದು ಕಾಫಿ ತೋಟದ ಮನೆಯ ಮದುವೆಯಲ್ಲಿ ಆ ಸಂಜೆ ಅವರ ಕಚೇರಿ. ಮಧ್ಯಾಹ್ನದ ಬಸ್ಸಿಗೆ ಮುಂದಿನ ಸೀಟು ಕಾದಿರಿಸಿತ್ತು. ಆ ದಿನಕ್ಕೆ ಆ ಕಡೆಗೆ ಅದೇ ಕೊನೆಯ ಬಸ್ಸು. ಸಂಜೆಯದನ್ನು ಯಾವುದೋ ದಿಬ್ಬಣಕ್ಕೆ ಕೊಟ್ಟಿದ್ದರು. ಅದು ಏಜೆಂಟರಿಗೆ ಗೊತ್ತಿದ್ದೇ ಇತ್ತು, ನನಗೆ ತಿಳಿದದ್ದು ಆಮೇಲೆ.

ನಾನು ಕಿಟಕಿಯ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಹಮಾಲಿ ಹಸಿರು ಬಣ್ಣದ ಉದ್ದ ಪೆಟ್ಟಿಗೆಯನ್ನು ಟಾಪಿಗೆ ಏರಿಸಿದ. ಏಜೆಂಟರು ಬಂದು ಕೈ ಚಾಚಿದರು. ಹಮಾಲಿ ಇಳಿಸಿ ಕೊಟ್ಟು ಇನ್ನೊಂದು ಕಡೆ ಏಣಿ ಇಳಿದು ಬೀಡಿ ಹಚ್ಚಿದ. ಏಜೆಂಟರು ಪೆಟ್ಟಿಗೆಯನ್ನು ಎರಡು ತೋಳಲ್ಲೂ ತಬ್ಬಿ, ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದರು. ಅಲ್ಲಿ ನಿಂತರು. ಡ್ರೈವರು ಇಂಜಿನ್ನು ಚಾಲೂ ಮಾಡಿ ಆಗಿತ್ತು. ಕಂಡಕ್ಟರು ಸೀಟಿ ಊದಿದರು. ಬಸ್ಸು ಇವರ ಮುಂದೆಯೇ ಹಾದು, ಚಪ್ಪರದ ಪಕ್ಕ ತಿರುಗಿ ಮರೆಯಾಯಿತು. ಇವರು ಕೂಗಲಿಲ್ಲ. ಕೈ ಎತ್ತಲಿಲ್ಲ. ಕತ್ತನ್ನು ಪೆಟ್ಟಿಗೆಯ ಕಡೆಗೆ ಸ್ವಲ್ಪ ವಾಲಿಸಿ, ಧೂಳು ಇಳಿಯುವವರೆಗೂ ಹಾಗೆಯೇ ನಿಂತಿದ್ದು, ಆಮೇಲೆ ಆಫೀಸಿನ ಒಳಗೆ ಹೋಗಿ ಅರ್ಧಬಾಗಿಲು ಹಾಕಿಕೊಂಡರು.

ನಾನು ಕಂಡದ್ದು ಇಷ್ಟು. ನನ್ನ ಮುಷ್ಟಿಯಲ್ಲಿದ್ದ ಅಕ್ಕಿಯನ್ನು ಆರಿಸಿದ್ದೇನೋ ಇಲ್ಲವೋ ತಿಳಿಯದೆ ಮತ್ತೆ ಮೊರಕ್ಕೆ ಸುರಿದೆ. ಇಳಿದು ಹೋಗಿ ಕೇಳಬಹುದಿತ್ತು. ಇನ್ನೊಂದು ಬಸ್ಸಿನಲ್ಲಿ ಕಳಿಸುತ್ತಾರೇನೋ, ಅವರ ಕೆಲಸ ಅವರಿಗೆ ಗೊತ್ತು ಎಂದುಕೊಂಡೆ.

ವೈಣಿಕರು ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಇಳಿದು ಪೆಟ್ಟಿಗೆ ಎಲ್ಲಿ ಎಂದು ನೋಡಿದ್ದಾರೆ, ಇಲ್ಲ. ನಾಲ್ಕು ಗಂಟೆಗೆ ತೆಂಗಿನಕಾಯಿ ಲಾರಿಯೊಂದರ ಮುಂದೆ ಕೂತು ವಾಪಸ್ಸು ಬಂದರು. ಜರಿ ಶಾಲಿನ ತುಂಬ ತೆಂಗಿನ ನಾರು.

"ಯಾರ್ರೀ ಇಲ್ಲಿ ಏಜೆಂಟು? ಎಲ್ರೀ ನನ್ನ ವೀಣೆ?"

"ಇಲ್ಲೇ ಐತೆ ಬುದ್ಧಿ. ತೆಗೆದು ನೋಡ್ಕಳಿ."

"ನೋಡ್ಕೊಳ್ಳೋದೇನ್ರೀ! ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಆರೂವರೆಗೆ."

ವೈಣಿಕರು ಏನೇನು ಬೈದರೋ, ಎಲ್ಲವನ್ನೂ ಏಜೆಂಟರು ಅವರ ಕಾಲಿನ ಕಡೆ ನೋಡುತ್ತಾ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ಮತ್ತೆ ಅದೇ ಮಾತು: "ತಂತಿ ಸಡ್ಲ ಆಗೈತೋ ಏನೋ. ಒಂದ್ಸಲ ತೆಗೆದು ನೋಡ್ಕಳಿ." ಪೆಟ್ಟಿಗೆ ತೆರೆಯಲು ಶುಚಿಯಾದ ಜಾಗ ಬೇಕಲ್ಲ, ಹತ್ತಿರದಲ್ಲಿ ಚಾಪೆ ಹಾಸಿದ್ದು ಚಪ್ಪರವೊಂದೇ. ಅಲ್ಲಿಗೆ ತಂದಿಟ್ಟರು. ನಾನೂ ಅಕ್ಕನೂ ಪಾನಕ ಹಂಚಲು ಅಲ್ಲೇ ಇದ್ದೆವು. ವೈಣಿಕರು ಪೆಟ್ಟಿಗೆಯ ನಾಲ್ಕು ಮೂಲೆಯನ್ನೂ ಅಂಗೈಯಿಂದ ಸವರಿ ನೋಡಿ, ಮುಚ್ಚಳ ತೆಗೆದು, ವೀಣೆಯನ್ನು ತೊಡೆಗಾನಿಸಿಕೊಂಡರು. ಒಂದು ತಂತಿ ಮೀಟಿದರು. ಬಿರಡೆ ತಿರುಗಿಸಿದರು. ಇನ್ನೊಂದು ತಂತಿ. ಶ್ರುತಿ ಕೂಡಿಸುತ್ತಾ ಕೂಡಿಸುತ್ತಾ ಅವರ ಹುಬ್ಬಿನ ಗಂಟು ಯಾವಾಗ ಸಡಿಲವಾಯಿತೋ, ಶ್ರುತಿ ಯಾವಾಗ ರಾಗವಾಯಿತೋ ನನಗೆ ತಿಳಿಯಲಿಲ್ಲ. ರಾಗದ ಹೆಸರೂ ನನಗೆ ಗೊತ್ತಿಲ್ಲ. ಮಂಡಿಯ ಆಳುಗಳು ಚೀಲದ ಮೇಲೆ ಚೀಲ ಹೊತ್ತವರು ಹಾಗೆಯೇ ಕೂತದ್ದು ಗೊತ್ತು. ಬಾಣಾವರದ ಬಸ್ಸಿನ ಡ್ರೈವರು ಇಂಜಿನ್ನು ಚಾಲೂ ಮಾಡಲಿಲ್ಲ. ಪ್ಯಾಸೆಂಜರುಗಳೆಲ್ಲ ಇಳಿದು ಬಸ್ಸನ್ನು ರಸ್ತೆಯವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಹತ್ತಿಕೊಂಡರು.

ಏಜೆಂಟರು ಎಲ್ಲಿ ಎಂದು ತಿರುಗಿ ನೋಡಿದೆ. ಆಫೀಸಿನಲ್ಲಿದ್ದರು. ಚಪ್ಪರಕ್ಕೆ ಬೆನ್ನು ಹಾಕಿ, ಮರುದಿನದ ಸೀಟಿನ ಪಟ್ಟಿಯ ಮೇಲೆ ಬಗ್ಗಿದ್ದರು. ಪೆನ್ಸಿಲ್ಲು ಕಾಗದದ ಮೇಲಿತ್ತು, ಅಲ್ಲಾಡುತ್ತಿರಲಿಲ್ಲ.

ತೋಟದವರು ಬಸ್ಸಿನ ಸಾಹುಕಾರರಿಗೆ ಬೀಗರ ಕಡೆಯವರು. ಮೂರು ದಿನಕ್ಕೆ ಸಾಹುಕಾರರ ಕಾರು ಬಂತು. ಆಫೀಸಿನಲ್ಲಿ ಇದ್ದದ್ದು ಒಂದೇ ಕುರ್ಚಿ. ವಿಚಾರಣೆ ನಮ್ಮ ಮಾಳಿಗೆಯ ನಡುಮನೆಯಲ್ಲಿ ನಡೆಯಿತು. ಸಾಹುಕಾರರು ಏನು ಕೇಳಿದರೂ ಏಜೆಂಟರದು ಒಂದೇ ಉತ್ತರ. "ಇಳಿಸ್ದೆ ಬುದ್ಧಿ. ಏರಿಸ್ಲಿಲ್ಲ."

"ಯಾಕೆ?"

"ಇಳಿಸ್ದೆ. ಏರಿಸ್ಲಿಲ್ಲ."

ಸಾಹುಕಾರರು ಬೇಸತ್ತು ನನ್ನ ಕಡೆ ತಿರುಗಿದರು. "ತಾಯೀ, ನಿಮ್ಮ ಕಿಟಕಿ ಎದುರಿಗೇ ಐತಲ್ಲ. ನೀವೇನಾದ್ರೂ ಕಂಡ್ರಾ? ಇವ್ನ ಮನೇಗೆ ಕಳಿಸ್ಬೇಕೋ ಇಟ್ಕೋಬೇಕೋ ಇವತ್ತು ತೀರ್ಮಾನ ಮಾಡ್ಬೇಕು."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಹಿಂದಿನಿಂದ ನನ್ನ ಮೊಣಕೈ ಹಿಂಡಿ, "ಹೊಟ್ಟೆಪಾಡು ಕಣವ್ವ," ಎಂದರು. ಸುಳ್ಳು ಹೇಳಬಾರದೆಂದು ಹತ್ತು ವರ್ಷ ಕಲಿತವಳು ನಾನು. ಅವರು ನಿಂತು ಬಸ್ಸು ಹೋಗುವುದನ್ನು ನೋಡಿದರು ಎಂದು ಹೇಳಿದರೆ ಬೇಕೆಂದೇ ಮಾಡಿದರು ಎಂದಾಗುತ್ತದೆ. ಹಾಗಾಗಿ ಅಷ್ಟನ್ನು ಬಿಟ್ಟೆ. "ವಾದ್ಯವನ್ನು ಅವರು ದಿನಾ ಇಳಿಸಿ ಒಳಗಿಡ್ತಾರೆ. ಅವತ್ತೂ ಇಳಿಸಿದ್ರು. ಒಳಗಿಡೋದು ಮರೆತಿರಬೇಕು," ಎಂದೆ. ಸುಳ್ಳೂ ಆಗಲಿಲ್ಲ, ಅವರೂ ಉಳಿದರು ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡೆ.

ಸಾಹುಕಾರರು ನಶ್ಯದ ಡಬ್ಬಿಯನ್ನು ಟಪ್ಪೆಂದು ಮುಚ್ಚಿದರು.

"ಮರೆತ್ನಾ! ಬೇಕಂತ ಮಾಡಿದ್ರೆ ನಾಲ್ಕು ಬೈದು ಬಿಟ್ಬಿಡ್ತಿದ್ದೆ ತಾಯಿ. ರಾಮನ ಮುಂದೆ ನುಡಿಸಿದ್ರು, ನನ್ನ ಗಂಟೇನು ಹೋಯ್ತು? ಮರೆವು ಬಂದೋನ್ನ ಲಗೇಜಿಗೆ ಇಟ್ಕೊಳಾಕಾಗಲ್ಲ. ನಾಳೆ ಯಾವ್ದೋ ಹೆಣ್ಣುಮಗಳ ಒಡವೆ ಪೆಟ್ಟಿಗೆ ಮರೀತಾನೆ. ಮನೇಗೆ ಕಳ್ಸಲ್ಲ, ಹಳಬ. ಬಾಣಾವರಕ್ಕೆ ಹೋಗ್ಲಿ. ಅಲ್ಲಿ ಲಗೇಜೇ ಇಲ್ಲ."

ಏಜೆಂಟರು ಆಗ ತಲೆಯೆತ್ತಿ, ನನಗೆ ತಿಳಿದ ಮಟ್ಟಿಗೆ ಮೊದಲ ಸಲ, ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಬೇರೆ ಯಾರ ವಿಷಯವೋ ಕೇಳಿದವರ ಹಾಗೆ ಇದ್ದರು. "ಮರೆತೆ ಅಂದ್ರಾ ತಾಯಿ?" ಎಂದಷ್ಟೇ ಕೇಳಿ ಮೆಟ್ಟಿಲಿಳಿದು ಹೋದರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಓದಿದೋರು! ಒಂದು ಸುಳ್ಳನ್ನ ನೆಟ್ಟಗೆ ಹೇಳಾಕೆ ಬರಲ್ಲ," ಎಂದು ಅವರ ಹಿಂದೆಯೇ ಹೋದರು.

ಆಮೇಲೆ ಬಂದ ಏಜೆಂಟ್ ಹುರುಪಿನವರು, ಶಿಸ್ತಿನವರು. ವಾದ್ಯಗಳು ನಿಯಮದ ಪ್ರಕಾರ ಟಾಪಿನ ಮೇಲೆ ತೆಂಗಿನ ಚೀಲಗಳ ಜೊತೆ ಹೋದವು. ಯಾವ ಊರಲ್ಲಿ ಏನಿದೆ ಎಂದು ಕೇಳಿದರೆ, "ಗೊತ್ತಿಲ್ಲ ಮೇಡಂ, ಟಿಕೆಟ್ ಎಷ್ಟು ಬೇಕು?" ಎನ್ನುತ್ತಿದ್ದರು. ಬೇಲೂರಿಗೆ ಒಳ್ಳೆಯ ಕಂಪನಿಯೊಂದು ಬಂದು ಒಂದು ತಿಂಗಳು ಆಡಿ ಹೋದದ್ದು ನಮ್ಮ ಬೀದಿಗೆ ತಿಳಿದದ್ದು ಅವರು ಗುಡಾರ ಕಿತ್ತ ಮೇಲೆ. ನಾನು ಅವರಿಗೆ ಉಪಕಾರ ಮಾಡಿದೆನೋ ಅಪಕಾರವೋ? ಸತ್ಯ ಹೇಳಿದ್ದರೆ ಉಳಿಯುತ್ತಿದ್ದರು. ಆದರೆ ಸತ್ಯ ಯಾವುದು? ನಮ್ಮ ಯಜಮಾನರನ್ನು ಕೇಳಿದೆ. "ಹೊರಡೋವಾಗ ನನಗೇ ಹೇಳಿದರಲ್ಲ, 'ಮರೆತೇಬಿಟ್ಟೆ ಮೇಷ್ಟ್ರೇ, ವಯಸ್ಸಾಯ್ತು' ಅಂತ. ನೀನ್ಯಾಕೆ ತಲೆ ಕೆಡಿಸ್ಕೊತೀಯ?" ಎಂದರು.

ಆರು ತಿಂಗಳಾದ ಮೇಲೆ ತಡೆಯಲಾರದೆ ರೈಲು ಹತ್ತಿ ಬಾಣಾವರಕ್ಕೆ ಹೋದೆ. ದಿನಕ್ಕೆ ನಾಲ್ಕು ಬಸ್ಸು ನಿಲ್ಲುವ ಜಾಗ. ಜನ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಹತ್ತುತ್ತಿದ್ದರು. ಅವರು ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ಬೆಂಚಿನಲ್ಲಿ ಕೂತಿದ್ದರು. ನಡುಮಧ್ಯಾಹ್ನ, ಆದರೂ ಹಣೆಯ ಮೇಲೆ ಮೂರೆಳೆ ವಿಭೂತಿಯೂ ಅಚ್ಚುಕಟ್ಟಾಗಿ ಉಳಿದಿತ್ತು. ಬೆವರುವಂಥ ಕೆಲಸವೇ ಅಲ್ಲಿರಲಿಲ್ಲ.

ಅಕ್ಕ ಮನೆಗೆ ಕರೆದೊಯ್ದು ಕಾಫಿ ಕೊಟ್ಟರು. ಕೋಪ ಇಳಿದಿತ್ತು. ನಾನು ಕೇಳುವ ಮೊದಲೇ ಶುರು ಮಾಡಿದರು. "ನಂಗೆ ಹೇಳಿದ್ದೇ ಬೇರೆ ಕಣವ್ವ. 'ನಿನ್ನ ಸಲುವಾಗೇ ಇಳಿಸ್ಕಂಡೆ ಕಣೇ, ನಾನಂತೂ ಯಾವತ್ತೂ ಕರ್ಕಂಡು ಹೋಗ್ಲಿಲ್ಲ' ಅಂದ್ರು. ನೋಡು ಹೆಂಗೈತೆ! ನಂಗೆ ವೀಣೆ ಕೇಳ್ಬೇಕು ಅಂತ ನಾನ್ಯಾವತ್ತು ಅತ್ತಿದ್ದೆ? ನಾಟ್ಕಕ್ಕಲ್ವಾ ನಾನು ಅತ್ತಿದ್ದು?" ಹೇಳುತ್ತಾ ನಕ್ಕರು. ನಗುತ್ತಾ ಬೇಗ ಬೇಗ ಲೋಟ ಎತ್ತಿಕೊಂಡು ಒಳಗೆ ಹೋದರು.

ನಾನು ಮತ್ತೆ ಬೆಂಚಿನ ಬಳಿ ಬಂದೆ. "ಏಜೆಂಟರೇ, ನೀವು ನಿಂತು ಬಸ್ಸು ಹೋಗೋದನ್ನ ನೋಡಿದ್ದನ್ನ ನಾನು ಹೇಳಲಿಲ್ಲ," ಎಂದೆ.

"ಗೊತ್ತು."

"ಮೇಷ್ಟರಿಗೆ ಒಂದು ಹೇಳಿದ್ದೀರಿ, ಅಕ್ಕನಿಗೆ ಇನ್ನೊಂದು. ಯಾವುದು ನಿಜ?"

ಅವರು ನನ್ನ ಕೈಚೀಲದ ಕಡೆ ನೋಡಿದರು. "ಪೆಟ್ಟಿಗೆ ತಬ್ಕಂಡಿದ್ನಲ್ಲ ತಾಯಿ," ಎಂದರು. "ಇಂಜಿನ್ನು ಚಾಲೂ ಆಗಿತ್ತು. ಆ ಅದುರಿಗೆ ಒಳಗೆ ತಂತಿ ತಾನಾಗೇ ನುಡೀತಾ ಇತ್ತು. ಎದೆಗೆ ಗೊತ್ತಾಗ್ತಿತ್ತು. ಬಸ್ಸು ಹೋದಂಗೆಲ್ಲ ಸಣ್ಣ ಆಯ್ತು. ಪೂರ್ತಿ ನಿಲ್ಲೋಗಂಟ ನಿಂತಿದ್ದೆ."

"ಹಾಗಾದರೆ ಬೇಕೂಂತ ಅಲ್ಲ, ಮರೆತದ್ದೂ ಅಲ್ಲ?"

"ಅದೆಂಗೆ ಹೇಳಾದು?"

ಇದು ಮೂರನೆಯದು. ಇದನ್ನೂ ನನಗಾಗಿ ಕಟ್ಟಿ ಹೇಳಿದರೋ ಎಂಬ ಅನುಮಾನವೂ ಬಂತು. ಯಾರಿಗೆ ಏನು ಬೇಕೆಂದು ತಿಳಿದು ಕಳಿಸುವುದು ಅವರ ಅಭ್ಯಾಸವೇ ಅಲ್ಲವೇ? ಆದರೂ, "ಸಾಹುಕಾರರಿಗೆ ಕಾಗದ ಬರೀತೀನಿ. ನಾನು ತಪ್ಪು ಹೇಳಿದೆ ಅಂತ," ಎಂದೆ.

"ಏನಂತ ಬರೀತೀರಿ?"

"ನೀವೇ ಹೇಳಿ," ಎಂದೆ.

ಒಂದು ಬಸ್ಸು ಬಂದು ನಿಂತು ಹೊರಟುಹೋಯಿತು. ಆಮೇಲೆ ಅವರು ಹೇಳಿದರು: "ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರ್ಲಿಲ್ಲ ಅಂತ ಬರೀರಿ."

ಅದು ನಿಜವಾಗಿತ್ತು. ವೈಣಿಕರು ಅಂಗೈಯಿಂದ ಸವರಿದಾಗ ಪಾನಕದ ಪಾತ್ರೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಹಸಿರು ಬಣ್ಣ ಎಲ್ಲೂ ಎದ್ದಿರಲಿಲ್ಲ. ಊರಿಗೆ ಬಂದು ಕಾರ್ಡಿನಲ್ಲಿ ಅಷ್ಟನ್ನೇ ಬರೆದೆ. ನಮ್ಮ ಯಜಮಾನರು ಓದಿ, "ಇದು ತಪ್ಪೊಪ್ಪಿಗೆಯೂ ಅಲ್ಲ, ಸಾಕ್ಷಿಯೂ ಅಲ್ಲ. ಇದರಿಂದ ಅವರಿಗೆ ಏನು ತಿಳಿಯುತ್ತೆ?" ಎಂದರು. ನಾನು ಅದನ್ನು ಅಂಚೆ ಡಬ್ಬಿಗೆ ಹಾಕಿದೆ.

ಉತ್ತರ ಬರಲಿಲ್ಲ. ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಗೂಡಿನ ಹಿಂದೆ ಅವರೇ ಕೂತಿದ್ದರು. ನಾನು ಚಪ್ಪಲಿ ಮೆಟ್ಟುವುದನ್ನೂ ಬಿಟ್ಟು ಕೆಳಗಿಳಿದು ಓಡಿದೆ. ಆ ಒಂದು ಸಾಲಿನಲ್ಲಿ ಸಾಹುಕಾರರು ಏನನ್ನು ಓದಿಕೊಂಡರು, ನನಗೆ ಹೇಳಲೇಬೇಕು ಎಂದೆ.

"ಅದು ನಿಮಗೆ ಬೇಡ ಬಿಡಿ ತಾಯಿ. ಲಗೇಜಿನೋರ ಮಾತು. ಮರೆತು ಬಿಟ್ಟ ಪೆಟ್ಟಿಗೆಗೆ ಗೀರು ಬೀಳ್ದೆ ಇರ್ತದಾ," ಎಂದರು. ಆಗಲೇ ಬೇಲೂರಿನ ಬಸ್ಸು ಹೊರಡುವುದರಲ್ಲಿತ್ತು. ಎದ್ದು ಬಂದು, ಟಾಪಿನ ಮೇಲಿದ್ದ ಯಾರದೋ ಮೃದಂಗಕ್ಕೆ ಎರಡೂ ಕೈ ಚಾಚಿದರು.